ನಿಂಟೆಂಡೊ ಸ್ವಿಚ್: ಒಂದೇ ಆಟಕ್ಕೆ ಎರಡು ಸಲ ದುಡ್ಡು ಯಾಕೆ?

2014ರಲ್ಲಿ ನಿಂಟೆಂಡೊದ ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಎರಡು ಆವೃತ್ತಿಗಳಲ್ಲಿ ಬಂತು. ಕೈಯಲ್ಲಿ ಹಿಡಿದು ಆಡುವ 3ಡಿಎಸ್‌ಗೆ ಒಂದು, ಟಿವಿಗೆ ಜೋಡಿಸುವ ವೀ ಯುಗೆ ಇನ್ನೊಂದು. ಎರಡರಲ್ಲೂ ಆಡಬೇಕಾ? ಎರಡು ಸಲ ದುಡ್ಡು ಕೊಡಿ. ಕಂಪನಿಗೂ ಇದು ಭಾರವೇ: ಎರಡು ಯಂತ್ರಗಳಿಗೂ ಬೇರೆ ಬೇರೆ ಆಟ ಮಾಡ್ತಾ ಕೂರಬೇಕಿತ್ತು. ಹೊಸ ಆಟಗಳ ಬರದಲ್ಲಿ ಸೊರಗಿದ ವೀ ಯು ಮಾರಾಟವಾದದ್ದು 1.4 ಕೋಟಿಗೂ ಕಮ್ಮಿ.

ಅಧ್ಯಕ್ಷ ಸಟೋರು ಇವಾಟಾ 2013ರಲ್ಲೇ ಎರಡೂ ಹಾರ್ಡ್‌ವೇರ್ ವಿಭಾಗಗಳನ್ನು ಒಂದು ಮಾಡಿದ್ದರು. 2017ರ ಮಾರ್ಚ್‌ನಲ್ಲಿ ಸ್ವಿಚ್ ಬಂತು: ಮನೆಗೂ ಬಸ್ಸಿಗೂ ಒಂದೇ ಆಟದ ಸಂಗ್ರಹ. 15 ಕೋಟಿಗೂ ಹೆಚ್ಚು ಮಾರಾಟವಾಯಿತು.

ಸಂಗ್ರಹ ಒಂದಾದದ್ದು ಸರಿ. ಆದರೆ ಅಗ್ಗದ ಯಂತ್ರವೂ ಮೊದಲ ದಿನವೇ ಬರಬೇಕಿತ್ತು. ಅಮೆರಿಕದಲ್ಲಿ 3ಡಿಎಸ್ 2011ರಲ್ಲೇ 170 ಡಾಲರ್‌ಗೆ ಇಳಿದಿತ್ತು. ಸ್ವಿಚ್ ಶುರುವಾದದ್ದೇ 300ರಿಂದ. 200 ಡಾಲರ್‌ನ ಸ್ವಿಚ್ ಲೈಟ್ ಬಂದದ್ದು 2019ರಲ್ಲಿ, ಅದೂ ಟಿವಿಗೆ ಜೋಡಿಸೋಕೆ ಆಗದ್ದು.