ಕೊರ್ಸಕಾಫ್ ಸಿಂಡ್ರೋಮ್

ವರ್ಷಗಟ್ಟಲೆ ವಿಪರೀತ ಕುಡಿದವರನ್ನು ಹೆಚ್ಚಾಗಿ ಹಿಡಿಯುವ ಮರೆವಿನ ಕಾಯಿಲೆ ಇದು. ರಷ್ಯಾದ ಮನೋವೈದ್ಯ ಸೆರ್ಗೆಯ್ ಕೊರ್ಸಕಾಫ್ 1887ರಿಂದ ಇದರ ಬಗ್ಗೆ ಬರೆದರು. ಅವರ ರೋಗಿಗಳು ಹಳೆಯದನ್ನೆಲ್ಲ ಸರಾಗವಾಗಿ ಹೇಳುತ್ತಿದ್ದರು, ಇಸ್ಪೀಟು ಆಡುತ್ತಿದ್ದರು. ಆದರೆ ಆಗತಾನೇ ಊಟ ಮಾಡಿದ್ದು ನೆನಪಿರುತ್ತಿರಲಿಲ್ಲ. ಹೊರಗೆ ಹೋದ ವೈದ್ಯರು ಐದು ನಿಮಿಷ ಬಿಟ್ಟು ಬಂದರೆ ಅಂದು ಮೊದಲ ಸಲ ಕಂಡವರಂತೆ ಮಾತನಾಡಿಸುತ್ತಿದ್ದರು. ಹಾಸಿಗೆ ಬಿಟ್ಟು ಏಳಲಾಗದವರೂ ನಿನ್ನೆ ಹೊರಗೆ ಸುತ್ತಾಡಿ ಬಂದೆವೆನ್ನುತ್ತಿದ್ದರು. ಮೋಸ ಮಾಡುವ ಉದ್ದೇಶ ಅವರಿಗಿರಲಿಲ್ಲ. ನೆನಪು ಖಾಲಿಯಾದ ಕಡೆ ಮಿದುಳೇ ಕಥೆ ಕಟ್ಟಿಕೊಡುತ್ತಿತ್ತು.

1911ರಲ್ಲಿ ಜಿನೀವಾದ ಮನೋವಿಜ್ಞಾನಿ ಎಡ್ವರ್ಡ್ ಕ್ಲಾಪರೇಡ್ ಇಂಥದೇ ಮರೆವಿನ ಮಹಿಳೆಯೊಬ್ಬರ ಸಂಗತಿ ಪ್ರಕಟಿಸಿದರು. ಬೆರಳ ಸಂದಿಯಲ್ಲಿ ಗುಂಡುಸೂಜಿ ಅಡಗಿಸಿಕೊಂಡು ಅವರು ಆಕೆಯ ಕೈ ಚುಚ್ಚಿದ್ದರು. ಆಕೆ ಅದನ್ನು ಬೇಗನೇ ಮರೆತರೂ ಮತ್ತೆ ಕ್ಲಾಪರೇಡ್ ಕೈ ಚಾಚಿದಾಗ ತಟ್ಟನೆ ಕೈ ಹಿಂದೆಗೆದುಕೊಂಡರು. ಕಾರಣ ಕೇಳಿದರೆ ಹೇಳಲು ತಿಳಿಯಲಿಲ್ಲ. ರೋಗಿಯ ಮೇಲೆ ನಡೆಸಿದ ಈ ಪರೀಕ್ಷೆ ಇಂದು ಒಪ್ಪುವಂಥದ್ದಲ್ಲ. ಆದರೂ ಅರಿವಿಗೆ ಬಾರದ ನೆನಪೂ ಉಂಟೆಂಬುದಕ್ಕೆ ಅದು ಗಟ್ಟಿ ಪುರಾವೆಯಾಯಿತು.

ಕಾಯಿಲೆಗೆ ಕಾರಣವೇನು? ಸುಳಿವು 1881ರಲ್ಲೇ ಸಿಕ್ಕಿತ್ತು. ಜರ್ಮನಿಯ ವೈದ್ಯ ಕಾರ್ಲ್ ವರ್ನಿಕೆ ಆ ವರ್ಷ, ಈ ಮರೆವಿಗೆ ಮುನ್ನ ಹೆಚ್ಚಾಗಿ ಬರುವ ಹಂತದಲ್ಲಿದ್ದ ಮೂವರು ರೋಗಿಗಳ ವಿವರ ಬರೆದರು: ಕಣ್ಣುಗುಡ್ಡೆ ತಿರುಗದು, ನಡಿಗೆ ತೂರಾಡುವುದು, ಬುದ್ಧಿ ಗಲಿಬಿಲಿ. ಮೂವರೂ ಸತ್ತರು. ಇಬ್ಬರು ಕುಡುಕರು, ಮೂರನೆಯವಳು ಗಂಧಕಾಮ್ಲ ಕುಡಿದು ಜಠರ ಕೆಡಿಸಿಕೊಂಡು, ತಿಂದದ್ದೆಲ್ಲ ವಾಂತಿಯಾಗುತ್ತಿದ್ದ ಹೊಲಿಗೆಯಾಕೆ. ಮದ್ಯವಿಲ್ಲದೆಯೂ ಈ ಹಾನಿ ಆಗಬಹುದೆಂದು ಆಕೆಯ ಸಾವು ಹೇಳುತ್ತಿತ್ತು. ಅದರ ಅರ್ಥ ಹೊಳೆಯಲು ದಶಕಗಳೇ ಬೇಕಾದವು.

ಉತ್ತರ ವಿಟಮಿನ್ನೊಂದರಲ್ಲಿತ್ತು. ನೆಲ್ಲೂರಿನಲ್ಲಿ ಹುಟ್ಟಿದ ಅಮೆರಿಕದ ರಸಾಯನವಿಜ್ಞಾನಿ ರಾಬರ್ಟ್ ವಿಲಿಯಮ್ಸ್ 1936ರಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ನನ್ನು ಕೃತಕವಾಗಿ ತಯಾರಿಸಿದರು. ಎರಡನೇ ಮಹಾಯುದ್ಧದಲ್ಲಿ ಸಿಂಗಪುರದ ಸೆರೆಶಿಬಿರದಲ್ಲಿ ಥಯಾಮಿನ್ ಕಡಿಮೆಯಿರುವ ಪಾಲಿಶ್ ಅಕ್ಕಿ ತಿಂದು, ಭೇದಿಯಿಂದ ಸೊರಗಿದ ಕೈದಿಗಳಲ್ಲೂ ವರ್ನಿಕೆಯ ಲಕ್ಷಣಗಳೇ ಕಂಡವು. ಅಲ್ಲಿದ್ದ ವೈದ್ಯರಾದ ಡಿ ವಾರ್ಡನರ್ ಮತ್ತು ಲೆನಾಕ್ಸ್ 1947ರಲ್ಲಿ ಅಂಥ 52 ಮಂದಿಯ ವರದಿ ಪ್ರಕಟಿಸಿದರು.

ಗ್ಲೂಕೋಸಿನಿಂದ ಶಕ್ತಿ ಪಡೆಯಲು ಮಿದುಳಿಗೆ ಥಯಾಮಿನ್ ಬೇಕೇಬೇಕು. ಕುಡಿತ ಊಟ ಬಿಡಿಸುತ್ತದೆ, ಕರುಳು ಥಯಾಮಿನ್ ಹೀರದಂತೆ ತಡೆಯುತ್ತದೆ, ಅದನ್ನು ಕೂಡಿಟ್ಟುಕೊಳ್ಳುವ ಯಕೃತ್ತನ್ನೂ ಕೆಡಿಸುತ್ತದೆ. ಕೊರತೆಯಿಂದ ನೆನಪಿನ ಕೊಂಡಿಗಳಾದ ಥಲಾಮಸ್ ಮತ್ತು ಮ್ಯಾಮಿಲ್ಲರಿ ಕಾಯಗಳು ಹಾಳಾಗುತ್ತವೆ. ವರ್ನಿಕೆ ಕಂಡ ಲಕ್ಷಣಗಳ ಮೊದಲ ಹಂತದಲ್ಲೇ ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಕಣ್ಣಿನ ತೊಂದರೆ ಕೆಲವೇ ಗಂಟೆಗಳಲ್ಲಿ ಇಳಿಯಬಹುದು. ತಡವಾದರೆ ಹೋದ ನೆನಪಿನ ಶಕ್ತಿ ಪೂರ್ತಿ ಮರಳುವುದು ಅಪರೂಪ. ಆಸ್ಟ್ರೇಲಿಯಾ 1991ರಲ್ಲಿ ಬ್ರೆಡ್ಡಿನ ಹಿಟ್ಟಿಗೆ ಥಯಾಮಿನ್ ಬೆರೆಸುವುದನ್ನು ಕಡ್ಡಾಯ ಮಾಡಿತು. ಅನಂತರ ಅಲ್ಲಿ ಇಂಥ ಪ್ರಕರಣಗಳು ಇಳಿದವು.