ತಗಚೆ, ಗೋವಾ ಪುಡಿ ಮತ್ತು ಸೋರಿಯಾಸಿಸ್ ಲೇಪೌಷಧದ ಚರಿತ್ರೆ

ಆಲಂಕಾರು ಮೊದಲಾದ ತುಳುನಾಡಿನ ಗ್ರಾಮಗಳಲ್ಲಿ ಮಳೆ ಹಿಡಿದೊಡನೆ ಚಿಗುರುವ ತಜಂಕ್, ಕನ್ನಡದ ತಗಚೆ. ಸಂಸ್ಕೃತ ನಿಘಂಟುಗಳು ಇದನ್ನು ಚಕ್ರಮರ್ದವೆಂದೂ ದದ್ರುಘ್ನವೆಂದೂ ಕರೆದಿವೆ, ದದ್ರುವೆಂದರೆ ಹುಳುಕಡ್ಡಿ. ಎಳೆಯ ಎಲೆ ಅಡುಗೆಗೆ ಸಂದರೆ, ಬೀಜವನ್ನು ಅರೆದು ಚರ್ಮಕ್ಕೆ ಹಚ್ಚುವ ರೂಢಿಯಿದೆ. ಈ ಬೀಜದಲ್ಲಿರುವ ಕ್ರೈಸೊಫನಾಲ್‌ಗೆ ಹಿಂದೆ ಕ್ರೈಸೊಫ್ಯಾನಿಕ್ ಆಮ್ಲವೆಂಬ ಹೆಸರಿತ್ತು. ಸೋರಿಯಾಸಿಸ್ ಚಿಕಿತ್ಸೆಯ ಚರಿತ್ರೆಯಲ್ಲಿಯೂ ಇದೇ ಹೆಸರು ಎದುರಾಗುತ್ತದೆ.

ಬ್ರೆಜಿಲ್‌ನ ಅರರೋಬಾ ಮರದ ಪುಡಿಯು ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದು 'ಗೋವಾ ಪುಡಿ'ಯೆಂಬ ಹೆಸರಿನಲ್ಲಿ ಹುಳುಕಡ್ಡಿಗೆ ಬಳಕೆಯಾಗುತ್ತಿತ್ತು. ಲಂಡನ್ನಿನ ರೋಗಿಯೊಬ್ಬನು ತನ್ನ ಸೋರಿಯಾಸಿಸನ್ನು ಹುಳುಕಡ್ಡಿಯೆಂದು ಭಾವಿಸಿ ಇದನ್ನು ಹಚ್ಚಿಕೊಂಡು ಗುಣ ಕಂಡನು. ವೈದ್ಯ ಬಾಲ್ಮನ್ನೊ ಸ್ಕ್ವೈರ್ 1876ರಲ್ಲಿ ಇದನ್ನು ಗಮನಿಸಿ ಪ್ರಚುರಪಡಿಸಿದನು. ಪುಡಿಯ ಸಾರವು ಕ್ರೈಸೊಫ್ಯಾನಿಕ್ ಆಮ್ಲವೆಂದು 1875ರಲ್ಲಿ ಆಟ್‌ಫೀಲ್ಡ್ ಹೇಳಿದ್ದನು. ಅದು ಕ್ರೈಸರೋಬಿನ್ ಎಂಬ ಬೇರೆ ವಸ್ತುವೆಂದು 1878ರಲ್ಲಿ ಲೀಬರ್‌ಮನ್ ಮತ್ತು ಸೈಡ್ಲರ್ ತೋರಿಸಿದರು. ಈ ತಿದ್ದುಪಡಿ ಕೇವಲ ಹೆಸರಿನದಲ್ಲ. ಆಂತ್ರೋನ್ ರೂಪದ ಕ್ರೈಸರೋಬಿನ್ ಸೋರಿಯಾಸಿಸ್ ಮೇಲೆ ಪರಿಣಾಮ ಬೀರುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಕ್ವಿನೋನ್ ಆದಾಗ ಆ ಗುಣ ಕಳೆದುಹೋಗುತ್ತದೆ. ತಗಚೆಯ ಕ್ರೈಸೊಫನಾಲ್ ಕ್ವಿನೋನ್ ವರ್ಗಕ್ಕೆ ಸೇರಿದ್ದು.

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನಿಗೆ ಅರರೋಬಾ ಪೂರೈಕೆ ನಿಂತಾಗ ಕೃತಕ ಡಿತ್ರಾನಾಲ್ ಸಿದ್ಧವಾಯಿತು. ಗಾಲೆವ್‌ಸ್ಕಿ ಮತ್ತು ಉನ್ನಾ 1916ರಲ್ಲಿ ಅದರ ಬಳಕೆಯನ್ನು ವರದಿಮಾಡಿದರು. ಅದು ಸುತ್ತಲಿನ ಚರ್ಮವನ್ನು ಉರಿಸುತ್ತಿತ್ತು, ಬಟ್ಟೆಗೆ ಕಲೆ ಹಚ್ಚುತ್ತಿತ್ತು, ಬೇಗ ಕೆಡುತ್ತಿತ್ತು. ಆದುದರಿಂದ ಮುಂದಿನ ಶೋಧವೆಲ್ಲ ಮದ್ದನ್ನು ಹೊರುವ ಮಾಧ್ಯಮದ ಶೋಧವಾಯಿತು. ಲೀಡ್ಸ್‌ನ ಇಂಗ್ರಾಮ್ 1953ರಲ್ಲಿ ಪ್ರಕಟಿಸಿದ ಕ್ರಮದಲ್ಲಿ ಸತುವಿನ ಆಕ್ಸೈಡ್ ಮತ್ತು ಪಿಷ್ಟದ ಗಟ್ಟಿ ಲೇಪವು ಮದ್ದನ್ನು ಕಲೆಯ ಮೇಲೆಯೇ ಹಿಡಿದಿಡುತ್ತಿತ್ತು; ಸ್ಯಾಲಿಸಿಲಿಕ್ ಆಮ್ಲ ಅದನ್ನು ಕೆಡದಂತೆ ಕಾಯುತ್ತಿತ್ತು. 1980ರ ದಶಕದಲ್ಲಿ ಸ್ವಲ್ಪ ಹೊತ್ತು ಹಚ್ಚಿ ತೊಳೆಯುವ ಪದ್ಧತಿ ಬಂದಿತು. 2001ರಲ್ಲಿ ಅಗರ್‌ವಾಲ್, ಕಟಾರೆ ಮತ್ತು ವ್ಯಾಸ್ ಅವರು ಡಿತ್ರಾನಾಲನ್ನು ಲಿಪೊಸೋಮ್, ನಿಯೋಸೋಮ್‌ಗಳೆಂಬ ಸೂಕ್ಷ್ಮ ಕೋಶಗಳಲ್ಲಿ ಅಡಗಿಸಿದ ಭಾರತೀಯ ಪ್ರಯೋಗವನ್ನು ಪ್ರಕಟಿಸಿದರು.

ಇದರಿಂದ ಎರಡು ನಿರ್ಣಯಗಳು ದೊರೆಯುತ್ತವೆ. ಹುಳುಕಡ್ಡಿ ಶಿಲೀಂಧ್ರದ ಸೋಂಕು, ಸೋರಿಯಾಸಿಸ್ ದೇಹದ ರೋಗರಕ್ಷಣಾ ವ್ಯವಸ್ಥೆಯ ವ್ಯತ್ಯಯ. ಆದ್ದರಿಂದ ದದ್ರುಘ್ನವೆಂಬ ಖ್ಯಾತಿಯಾಗಲಿ ಹಳೆಯ ರಾಸಾಯನಿಕ ಹೆಸರಿನ ಸಾಮ್ಯವಾಗಲಿ ತಗಚೆಯನ್ನು ಸೋರಿಯಾಸಿಸ್‌ನ ಮದ್ದಾಗಿಸಲಾರದು. ಎರಡನೆಯದಾಗಿ, ಲೇಪೌಷಧದ ಸಾಫಲ್ಯವನ್ನು ರೋಗಿಯ ದಿನಚರಿಯಲ್ಲಿಯೂ ಅಳೆಯಬೇಕು. ಮಳೆಗಾಲದ ತೇವದಲ್ಲಿ, ಅಡಿಕೆ ತೋಟದ ಬೆವರಿನಲ್ಲಿ ದುಡಿಯುವವರು ತಿಂಗಳುಗಟ್ಟಲೆ ಹಚ್ಚಿಕೊಳ್ಳಲಾಗದ ಮದ್ದು ಎಷ್ಟು ಪ್ರಬಲವಾಗಿದ್ದರೂ ನಿಷ್ಫಲವೇ.