ಕೃತಕ ಕೀಲಿನ ಸುತ್ತ ತೊಡೆಮೂಳೆ ಮುರಿತ: ಚಿಕಿತ್ಸೆಯ ಚರಿತ್ರೆ

ಸೊಂಟದಲ್ಲೋ ಮೊಣಕಾಲಿನಲ್ಲೋ ಕೃತಕ ಕೀಲು ಕೂರಿಸಿಕೊಂಡವರಿಗೆ ಅದರ ಸುತ್ತ ಅಥವಾ ಅದರ ತುದಿಯ ಬಳಿ ತೊಡೆಮೂಳೆ ಮುರಿಯುವುದುಂಟು. ಹೆಚ್ಚಿನವರು ವಯಸ್ಸಾದವರು, ನಡೆಯುವಾಗ ಎಡವಿಯೋ ಬಚ್ಚಲಿನಲ್ಲಿ ಜಾರಿಯೋ ಬಿದ್ದಿರುತ್ತಾರೆ. ಮೂಳೆ ಅಷ್ಟಿಷ್ಟು ಬಾಗುತ್ತದೆ, ಕೀಲನ್ನು ಹಿಡಿದಿಡಲು ಮೂಳೆಯೊಳಗೆ ಇಳಿಸಿದ ಲೋಹದ ದಂಡ ಅಷ್ಟು ಬಾಗದು. ಹಾಗಾಗಿ ದಂಡ ಮುಗಿಯುವ ಕಡೆ ಒತ್ತಡ ಸೇರಿ ಮೂಳೆ ಸೀಳುತ್ತದೆ. ಕೀಲಿನ ಪ್ಲಾಸ್ಟಿಕ್ ಸವೆದು ಉದುರಿದ ಕಣಗಳಿಂದ ಸುತ್ತಲಿನ ಮೂಳೆ ಕರಗಿದ್ದರೆ ಸಣ್ಣ ಪೆಟ್ಟೂ ಸಾಕು.

1962ರಲ್ಲಿ ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯಲ್ಲಿ ಜಾನ್ ಚಾರ್ನ್ಲಿ ಲೋಹದ ದಂಡ, ಪ್ಲಾಸ್ಟಿಕ್ ಬಟ್ಟಲು ಮತ್ತು ಸಿಮೆಂಟಿನ ಸೊಂಟದ ಕೀಲನ್ನು ನೆಲೆಗೊಳಿಸಿದರು. ಈ ಶಸ್ತ್ರಚಿಕಿತ್ಸೆ ಹರಡಿದಂತೆ ಇಂಥ ಮುರಿತಗಳೂ ಕಂಡವು. ಮೊದಮೊದಲು ಅನೇಕರಿಗೆ ಸಿಗುತ್ತಿದ್ದದ್ದು ಕಾಲಿಗೆ ತೂಕ ಕಟ್ಟಿ ಎಳೆದಿಡುವ ಟ್ರ್ಯಾಕ್ಷನ್. ವಾರಗಟ್ಟಲೆ ಮಲಗಿದ ಮುದುಕರಿಗೆ ಬೆನ್ನಹುಣ್ಣು, ನ್ಯುಮೋನಿಯಾ ಬರುತ್ತಿದ್ದವು. ಕೂಡಿದ ಮೂಳೆಯೂ ಸೊಟ್ಟಗಿರುತ್ತಿತ್ತು. ಬಳಿಕ ಪ್ಲೇಟು ಬಂತು, ಆದರೆ ದಂಡ ಕೂತ ಜಾಗದಲ್ಲಿ ಸ್ಕ್ರೂ ಇಳಿಯಲು ಎಡೆಯಿಲ್ಲ. ಪ್ಲೇಟನ್ನು ಮೂಳೆಗೆ ಲೋಹದ ಪಟ್ಟಿಯಿಂದಲೋ ತಂತಿಯಿಂದಲೋ ಸುತ್ತಿ ಬಿಗಿಯುವ ಉಪಾಯ ಇಲ್ಲಿ ನೆರವಿಗೆ ಬಂತು.

ಮೂಳೆ ಎಲ್ಲಿ ಮುರಿದಿದೆ ಎಂಬುದಷ್ಟೇ ಮುಖ್ಯವಾದ ಪ್ರಶ್ನೆ, ಒಳಗಿನ ದಂಡ ಗಟ್ಟಿಯಾಗಿದೆಯೇ ಸಡಿಲವೇ ಎಂಬುದು. 1995ರಲ್ಲಿ ಕೆನಡಾದ ಕ್ಲೈವ್ ಡಂಕನ್ ಮತ್ತು ಬಸ್ಸಾಮ್ ಮಸ್ರಿ ಇವೆರಡನ್ನೂ ಮೂಳೆಯ ಸ್ಥಿತಿಯನ್ನೂ ಆಧಾರವಾಗಿಸಿ, ಸೊಂಟದ ಕೀಲಿನ ಸುತ್ತಲಿನ ಮುರಿತಗಳಿಗೆ ವ್ಯಾಂಕೂವರ್ ವರ್ಗೀಕರಣ ಕೊಟ್ಟರು. ದಂಡದ ಸುತ್ತ ಅಥವಾ ಅದರ ತುದಿಯ ಬಳಿ ಮುರಿದರೆ ಅದು ಬಿ ವರ್ಗ. ಅದರಲ್ಲಿ ದಂಡ ಗಟ್ಟಿಯಿದ್ದರೆ ಬಿ1: ಪ್ಲೇಟು, ಕೇಬಲ್. ಸಡಿಲವಿದ್ದರೆ ಬಿ2: ಹಳೆಯದನ್ನು ತೆಗೆದು, ಮುರಿತವನ್ನು ದಾಟಿ ಇಳಿಯುವ ಉದ್ದನೆಯ ದಂಡ. ಮೂಳೆಯೂ ಹಾಳಾಗಿದ್ದರೆ ಬಿ3, ಎಲ್ಲಕ್ಕಿಂತ ಕಠಿಣ. ಸಡಿಲ ದಂಡವನ್ನು ಗಟ್ಟಿಯೆಂದು ಭಾವಿಸಿ ಬರೀ ಪ್ಲೇಟು ಹಾಕಿದರೆ ಆ ಪ್ಲೇಟು ಮುರಿದು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಸ್ವೀಡನ್ನಿನ ರಾಷ್ಟ್ರೀಯ ನೋಂದಣಿಯ ಅಧ್ಯಯನಗಳು ಈ ತಪ್ಪನ್ನೇ ಎತ್ತಿ ತೋರಿಸಿದವು. ಎಕ್ಸ್‌ರೇ ಅನುಮಾನ ಹುಟ್ಟಿಸಿದರೆ ಆಪರೇಷನ್ ಮೇಜಿನ ಮೇಲೆಯೇ ಕೀಲನ್ನು ಅಲುಗಾಡಿಸಿ ನೋಡಬೇಕು. ಮೊಣಕಾಲಿನ ಕೀಲಿನ ಮೇಲ್ಭಾಗದ ಮುರಿತಕ್ಕೆ ಸ್ಕ್ರೂ ತಲೆ ಪ್ಲೇಟಿನಲ್ಲೇ ಲಾಕ್ ಆಗುವ ಲಾಕಿಂಗ್ ಪ್ಲೇಟುಗಳು 2000ದ ನಂತರ ಬಹಳ ನೆರವಾದವು.

ಇಂಥ ಚಿಕಿತ್ಸೆಗೆ ತಮಿಳುನಾಡಿನ ಕೊಯಮತ್ತೂರು ಸೀಮೆಯ ಕನ್ನಡ ಮಾತಾಡುವ ದೇವಾಂಗ ನೇಕಾರ ಕುಟುಂಬಗಳೂ, ನೀಲಗಿರಿ, ತಾಳವಾಡಿ ಕಡೆಯ ಅನೇಕರೂ ಕೊಯಮತ್ತೂರಿನ ದೊಡ್ಡ ಆಸ್ಪತ್ರೆಗಳಿಗೆ ಬರುತ್ತಾರೆ. ಇಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು 1966ರಲ್ಲಿ ಆರಂಭವಾಯಿತು. 1978ರಲ್ಲಿ ಜೆ. ಜಿ. ಷಣ್ಮುಗನಾಥನ್ ದಂಪತಿ ತೆರೆದ ಗಂಗಾ ಆಸ್ಪತ್ರೆ ಮೂಳೆ ಮತ್ತು ಅಪಘಾತ ಚಿಕಿತ್ಸೆಗೆ ಹೆಸರಾಯಿತು.  ನೆರೆಯ ತಿರುಪ್ಪೂರಿನ ಸರ್ಕಾರಿ ವೈದ್ಯಕೀಯ ಕಾಲೇಜು ಉದ್ಘಾಟನೆಯಾದದ್ದು 2022ರ ಜನವರಿಯಲ್ಲಿ.

ಆಸ್ಪತ್ರೆಗಳಿದ್ದರೂ, ನಾಟಿ ವೈದ್ಯರು ಮುರಿದ ಮೂಳೆಗೆ ಹಾಕುವ ಪುತ್ತೂರು ಕಟ್ಟನ್ನು ಇಂದಿಗೂ ನಂಬುವವರಿದ್ದಾರೆ. ಒಳಗೆ ಲೋಹವಿರುವ ಮುರಿತಕ್ಕೆ ಆ ಕಟ್ಟು ಒಗ್ಗುವುದಿಲ್ಲ. ಕಳೆದುಹೋಗುವ ದಿನಗಳು ಮುದಿಜೀವಕ್ಕೆ ಅಪಾಯ.

2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಮೊಣಕಾಲಿನ ಕೀಲುಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಆಸ್ಪತ್ರೆಯ ಬಿಲ್ಲಿನಲ್ಲಿ ಕೀಲಿನ ಬ್ರ್ಯಾಂಡ್, ಬ್ಯಾಚ್ ಸಂಖ್ಯೆ ನಮೂದಿಸಬೇಕೆಂದೂ ವಿಧಿಸಿತು. ಮುಂದೆ ಮೂಳೆ ಮುರಿದಾಗ ಹಳೆಯ ಕೀಲಿಗೆ ಹೊಂದುವ ಭಾಗ ಹುಡುಕಲು ವೈದ್ಯರಿಗೆ ಈ ವಿವರವೇ ಆಧಾರ. ಕೀಲು ಹಾಕಿಸಿಕೊಂಡವರು ಆ ಬಿಲ್ಲನ್ನೂ ಡಿಸ್ಚಾರ್ಜ್ ಚೀಟಿಯನ್ನೂ ಕಳೆಯದೆ ಇಟ್ಟುಕೊಳ್ಳಬೇಕು. ಎಲ್ಲಿವೆಯೆಂದು ಮನೆಯವರಿಗೂ ತಿಳಿಸಿರಬೇಕು.